ನಡಾವಳಿಯಲ್ಲಿ ಉಳಿದ ದಾರಿ

ನಿವೃತ್ತಿಯಾದ ಮರುವರ್ಷ ಪಟ್ಟಣ ಪಂಚಾಯ್ತಿಯ ಜವಾನನೊಬ್ಬ ಮನೆಗೆ ಬಂದು ಲಕೋಟೆಯೊಂದನ್ನು ಕೊಟ್ಟು, ಟಪಾಲು ವಹಿಯಲ್ಲಿ ನನ್ನ ಸಹಿ ಹಾಕಿಸಿಕೊಂಡು ಹೋದ. ಊರಿನ ಕೆರೆ ಮತ್ತು ಉದ್ಯಾನ ಸಮಿತಿಗೆ ನನ್ನನ್ನು ಸಾರ್ವಜನಿಕರ ಪರವಾಗಿ ಸದಸ್ಯೆಯೆಂದು ನೇಮಿಸಿದ್ದರು. ಸಮಿತಿಯಲ್ಲಿ ಒಬ್ಬ ಹೆಂಗಸು ಇರಲೇಬೇಕೆಂಬ ನಿಯಮವಿತ್ತೆಂದು ಆಮೇಲೆ ತಿಳಿಯಿತು. ಮೂವತ್ತು ವರ್ಷ ಇದೇ ಊರಿನ ಸಾಲೆಯಲ್ಲಿ ಕಲಿಸಿದವಳು ನಾನು. ಪೇಟೆಯಲ್ಲಿ ನಡೆದರೆ ಮೀಸೆ ನರೆತವರೂ ‘ಅಕ್ಕೋರ, ನಮಸ್ಕಾರ’ ಎಂದು ಎದ್ದು ನಿಲ್ಲುತ್ತಾರೆ. ಹಾಗಾಗಿ ನನ್ನ ಹೆಸರು ಹೊಳೆದಿರಬೇಕು. ಲಕೋಟೆಯನ್ನು ಅಂದು ದೇವರ ಮುಂದಿಟ್ಟು ಕೈಮುಗಿದೆ. ಈಗ ಹೇಳಲು ನಾಚಿಕೆಯಾಗುತ್ತದೆ, ಆದರೆ ಇಟ್ಟದ್ದು ನಿಜ.

ಕೆರೆ ನಮ್ಮ ಮನೆಯಿಂದ ಎರಡು ಓಣಿ ಆಚೆ. ಮಳೆ ಚೆನ್ನಾಗಿ ಬಿದ್ದ ವರ್ಷ ಏರಿಯ ಕಲ್ಲು ಮುಟ್ಟುವಷ್ಟು ನೀರು. ಮೇ ಹೊತ್ತಿಗೆ ನಡುವಿನ ಒಂದು ಹೊಂಡಕ್ಕೆ ಇಳಿದುಬಿಡುತ್ತಿತ್ತು. ಬೆಳಗ್ಗೆ ಕೌದಿ ಒಗೆಯುವ ಹೆಂಗಸರು, ಮಧ್ಯಾಹ್ನ ಎಮ್ಮೆಗಳು, ಸಂಜೆ ಏರಿಯ ಮೇಲೆ ಗಾಳಿಗೆ ಕೂಡುವ ಮುದುಕರು. ಯಾರೂ ಯಾರ ಅಪ್ಪಣೆಯನ್ನೂ ಕೇಳುತ್ತಿರಲಿಲ್ಲ. ಊರು ಬೆಳೆದಂತೆ ಹೊಸ ಬಡಾವಣೆಯ ಗಟಾರ ಉತ್ತರದ ಮೂಲೆಯಲ್ಲಿ ಕೆರೆಗೆ ಬಂದು ಬೀಳತೊಡಗಿತು. ಆ ಮೂಲೆಯಲ್ಲಿ ಹೂಳು ಎದೆಮಟ್ಟ ಕೂತಿತ್ತು. ಮೇಲೆ ಹಸಿರು ಪಾಚಿ ಕಟ್ಟಿಕೊಂಡು, ಗೊತ್ತಿಲ್ಲದವರಿಗೆ ಗಟ್ಟಿ ನೆಲದಂತೆ ಕಾಣುತ್ತಿತ್ತು. ಸಮಿತಿಗೆ ಹೋದರೆ ಮೊದಲು ಆ ಗಟಾರದ ಮಾತು ಎತ್ತಬೇಕೆಂದುಕೊಂಡೆ.

ನಮ್ಮ ಮನೆಗೆ ಹಾಲು ಹಾಕುತ್ತಿದ್ದ ಹೆಂಗಸಿಗೆ ಈ ಸುದ್ದಿ ನನಗಿಂತ ಹೆಚ್ಚು ಸಂತೋಷ ಕೊಟ್ಟಿತು. ಅವಳ ಮನೆ ಕೆರೆಯ ಕೆಳಗಿನ ಓಣಿಯಲ್ಲಿ. ತವರು ಯಲಬುರ್ಗಾದ ಕಡೆಯ ಒಂದು ಹಳ್ಳಿ. ಮದುವೆಯಾಗಿ ಬರುವಾಗ ತಂದೆ ಒಂದು ಎಮ್ಮೆಗರು ಜೊತೆಗೆ ಕಳಿಸಿದ್ದನಂತೆ. ಆ ಎಮ್ಮೆಯ ಮಗಳು, ಮೊಮ್ಮಕ್ಕಳು ಸೇರಿ ಈಗ ಮೂರು ಎಮ್ಮೆ. ಗಂಡ ಮಾರುಕಟ್ಟೆಯಲ್ಲಿ ಹಮಾಲಿ. ಚೀಲ ಹೊತ್ತು ಹೊತ್ತು ಬೆನ್ನು ಹಿಡಿದುಕೊಂಡ ಮೇಲೆ ವಾರದಲ್ಲಿ ಮೂರು ದಿನ ಮನೆಯಲ್ಲೇ ಮಲಗಿರುತ್ತಿದ್ದ. ಸಂಸಾರ ನಡೆಯುತ್ತಿದ್ದುದು ಹಾಲಿನಿಂದ. ಮೂರರಲ್ಲಿ ಹಿರಿಯ ಎಮ್ಮೆಯನ್ನು ಅವಳು ‘ದೊಡ್ಡಾಕಿ’ ಎನ್ನುತ್ತಿದ್ದಳು, ಮನೆಯ ಹಿರಿ ಸೊಸೆಯನ್ನು ಕರೆದಂತೆ.

“ಮೇವು ಒಂದು ಹೊತ್ತು ಕಮ್ಮಿ ಆದ್ರೂ ನಡೀತೈತ್ರಿ ಅಕ್ಕೋರ,” ಎಂದು ಪಾತ್ರೆಗೆ ಹಾಲು ಸುರಿಯುತ್ತ ಒಮ್ಮೆ ಹೇಳಿದ್ದಳು, “ನೀರಾಗ ಬೀಳೂದು ತಪ್ಪಿದ್ರ ಎಮ್ಮಿಗೆ ನಡ್ಯಾಂಗಿಲ್ಲ. ಮೈ ಸುಡತೈತಿ. ಕೆಚ್ಚಲದಾಗ ಹಾಲಿದ್ರೂ ಬಿಡಂಗಿಲ್ಲ. ಕೆರಿ ಛಲೋ ಮಾಡಸ್ರಿ, ನಿಮ್ಮ ಹೆಸರ ಹೇಳಿ ಹಾಲು ಕುಡೀತೀವಿ.”

ಮೊದಲ ಸಭೆ ಪಂಚಾಯ್ತಿ ಕಚೇರಿಯ ಮೇಲಿನ ಕೋಣೆಯಲ್ಲಿ ನಡೆಯಿತು. ಮುಖ್ಯಾಧಿಕಾರಿ ಕಲಬುರ್ಗಿ ಕಡೆಯವರು, ಮಾತಿನಲ್ಲಿ ಬಲು ಸೌಮ್ಯ. ಪೇಟೆಯ ಒಬ್ಬ ಬಟ್ಟೆ ವ್ಯಾಪಾರಿ ಇದ್ದರು. ಇಂಜಿನಿಯರ್ ನನ್ನ ಹಳೆಯ ವಿದ್ಯಾರ್ಥಿ. ಮೂರನೆಯ ತರಗತಿಯಲ್ಲಿ ಮುಂದಿನ ಸಾಲಿನಲ್ಲಿ ಕೂಡುತ್ತಿದ್ದ, ಮಗ್ಗಿ ತಪ್ಪದೆ ಹೇಳುತ್ತಿದ್ದ. ನಕಾಶೆ ಬಿಚ್ಚಿ ಮೇಜಿನ ಮೇಲೆ ಹರಡಿ ಅವನು ಕೆಲಸಗಳನ್ನು ಒಂದೊಂದಾಗಿ ಹೇಳಿದ. ಮೊದಲು ಗಟಾರವನ್ನು ಬೇರೆ ಕಡೆ ತಿರುಗಿಸುವುದು, ಆಮೇಲೆ ಹೂಳೆತ್ತುವುದು, ಕಡೆಗೆ ಬೇಲಿ, ಏರಿಯ ಮೇಲೆ ಓಡಾಡಲು ಪೇವರ್ ಹಾಸಿದ ದಾರಿ, ಬೆಂಚು, ಬಾಗಿಲಿಗೊಂದು ಕಮಾನು. ಆ ಕ್ರಮ ಕೇಳಿ ನನಗೆ ಹೆಮ್ಮೆಯಾಯಿತು. ನಾನು ಕಲಿಸಿದ ಹುಡುಗ ಅಂದುಕೊಂಡೆ.

ದುಡ್ಡು ಮಂಜೂರಾಗಿ ಬಂದದ್ದು ಜನವರಿಯಲ್ಲಿ. ಕೇಳಿದ್ದರಲ್ಲಿ ಅರ್ಧವೂ ಬಂದಿರಲಿಲ್ಲ. ಉಳಿದದ್ದು ಎರಡನೆಯ ಕಂತಿನಲ್ಲಿ ಎಂದಿದ್ದರು.

“ಬಂದಿದ್ದು ಮಾರ್ಚ್ ಮೂವತ್ತೊಂದರೊಳಗ ಖರ್ಚಾಗಬೇಕು ಮೇಡಂ,” ಎಂದರು ಮುಖ್ಯಾಧಿಕಾರಿ. “ಇಲ್ಲಾಂದ್ರ ವಾಪಸ್ ಹೋಗ್ತದ.”

“ಹಂಗಾದ್ರ ಹೂಳು ಮೊದಲು ತಗೀರಿ,” ಎಂದೆ.

ಇಂಜಿನಿಯರ್ ತಲೆ ಕೆರೆದುಕೊಂಡ. “ಕೆರ್‍ಯಾಗ ನೀರು ಅದಾವಲ್ರಿ ಅಕ್ಕೋರ. ಮೇ ತನಕಾ ಬತ್ತಂಗಿಲ್ಲ. ನೀರಾಗ ಮಷಿನ್ ಇಳಸಾಕ ಬರಂಗಿಲ್ರಿ.”

“ಗಟಾರ?”

“ಅದು ಒಳಚರಂಡಿ ಹೆಡ್, ಮೇಡಂ,” ಮುಖ್ಯಾಧಿಕಾರಿ ಹೇಳಿದರು. “ಇದು ಉದ್ಯಾನದ ದುಡ್ಡು. ಈ ಹೆಡ್ಡಿನ ದುಡ್ಡು ಆ ಹೆಡ್ಡಿಗೆ ಹಾಕಿದ್ರ ನಾಳೆ ಆಡಿಟ್‌ನ್ಯಾಗ ನಾ ಸಿಕ್ಕೊಳ್ತೀನಿ.”

ಕೆರೆ ಒಣಗುವುದು ಮೇ ತಿಂಗಳಲ್ಲಿ, ದುಡ್ಡು ಸಾಯುವುದು ಮಾರ್ಚ್ ತಿಂಗಳಲ್ಲಿ. ಇಷ್ಟು ಸಣ್ಣ ಸಂಗತಿ ಎಲ್ಲ ಕೆಲಸವನ್ನೂ ತಲೆಕೆಳಗು ಮಾಡಿತು. ಮಾರ್ಚ್ ಒಳಗೆ ಮುಗಿಸಬಹುದಾದದ್ದು ಬೇಲಿ, ಪೇವರ್ ಮತ್ತು ಕಮಾನು. ಬಟ್ಟೆ ವ್ಯಾಪಾರಿ, “ಬೇಲೀನ ಮೊದಲ ಹಾಕ್ರಿ. ಹಿಂದ ಬೆಂಚು ಇಟ್ಟಿದ್ವಿ, ಒಂದ್ ತಿಂಗಳಿಗೆ ಮುರದ್ ಹೋದುವು. ಬೇಲಿ ಇಲ್ದ ಏನೂ ಉಳ್ಯಾಂಗಿಲ್ಲ,” ಎಂದರು. ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ಆ ಕೋಣೆಯಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಅದನ್ನು ಯೋಚಿಸಿದಾಗಲೇ ನನಗೆ ಹೆಚ್ಚು ದಿಕ್ಕು ತೋಚದಂತಾಗುತ್ತದೆ.

“ಸುತ್ತ ಬೇಲಿ ಹಾಕಿದ್ರ ಎಮ್ಮಿ ಎಲ್ಲಿಂದ ಇಳೀಬೇಕು?” ಎಂದು ಕೇಳಿದೆ.

ಇಂಜಿನಿಯರ್ ಕೂಡಲೇ, “ದಕ್ಷಿಣಕ್ಕ ಒಂದು ದಾರಿ ಬಿಡೂಣ್ರಿ ಅಕ್ಕೋರ. ಅಲ್ಲಿ ನೆಲ ಗಟ್ಟಿ ಐತಿ,” ಎಂದ. ಎಲ್ಲರೂ ಒಪ್ಪಿದರು. ಸಭೆಯಲ್ಲಿ ಆದದ್ದನ್ನು ಬರೆದಿಡುವ ನಡಾವಳಿ ಪುಸ್ತಕ ನನ್ನ ಬಳಿ ಇರುತ್ತಿತ್ತು, ಅಕ್ಷರ ದುಂಡಗಿದೆ ಎಂದು. ‘ಜಾನುವಾರುಗಳು ನೀರಿಗಿಳಿಯಲು ದಕ್ಷಿಣ ದಿಕ್ಕಿನಲ್ಲಿ ಪ್ರತ್ಯೇಕ ದಾರಿ ಬಿಡತಕ್ಕದ್ದು’ ಎಂದು ಬರೆದೆ. ಎಲ್ಲರೂ ಸಹಿ ಹಾಕಿದರು. ಮನೆಗೆ ಬಂದು ಹಾಲಿನವಳಿಗೆ, “ಹೆದರಬ್ಯಾಡ ತಂಗಿ, ನಿನ್ನ ಎಮ್ಮಿಗೆ ದಾರಿ ಬರಸೀನಿ,” ಎಂದೆ. ಬರೆದರೆ ಆಯಿತು ಎಂದು ತಿಳಿದಿದ್ದೆ. ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದದ್ದನ್ನೆಲ್ಲ ಮಕ್ಕಳು ಮರುಮಾತಿಲ್ಲದೆ ಬರೆದುಕೊಂಡಿದ್ದರು.

ಮಾರ್ಚ್ ಎರಡನೆಯ ವಾರ ಕಂಬಗಳು ದಕ್ಷಿಣಕ್ಕೆ ಬಂದವು. ನಾನು ಬೆಳಗಿನ ನಡಿಗೆಗೆ ಹೋದಾಗ ಕೆಲಸದವರು ಎಲ್ಲೂ ಬಿಡದೆ ಗುಂಡಿ ತೋಡಿಕೊಂಡು ಹೋಗುತ್ತಿದ್ದರು. ಅಲ್ಲಿಂದಲೇ ಇಂಜಿನಿಯರ್‌ಗೆ ಫೋನು ಮಾಡಿದೆ. ಅವನು ಬೈಕಿನಲ್ಲಿ ಬಂದ.

“ದಾರಿ ಎಲ್ಲೋ?”

“ಅಕ್ಕೋರ, ನಡಾವಳ್ಯಾಗ ಬರದ್ರ ಆಗಂಗಿಲ್ರಿ. ಅಂದಾಜು ಪಟ್ಟಿಯೊಳಗ ಇರಬೇಕ್ರಿ. ಟೆಂಡರ್ ಆಗಿದ್ದು ಹಳೀ ಪಟ್ಟಿ ಮ್ಯಾಲೆ. ಅದರಾಗ ಆ ದಾರಿ, ಅದಕ್ಕ ಕಲ್ಲು ಹಾಸೂದು, ಅದರ ಗೇಟು ಯಾವ್ದೂ ಇಲ್ಲ.”

“ಗೇಟು ಬ್ಯಾಡೋ. ನಾಕು ಕಂಬ ಹಾಕದ ಸುಮ್ನ ಬಿಡು. ಬಿಡಾಕ ದುಡ್ಡು ಯಾಕ ಬೇಕು?”

ಅವನು ನೆಲ ನೋಡುತ್ತ ನಿಂತ. “ಬಿಟ್ರ ಅಳತಿ ಕಮ್ಮಿ ಆಕ್ಕತ್ರಿ. ಅಳತಿ ಕಮ್ಮಿ ಆದ್ರ ಬಿಲ್ ಕಮ್ಮಿ ಆಕ್ಕತಿ, ಉಳದ ದುಡ್ಡು ವಾಪಸ್ ಹೊಕ್ಕತಿ. ಪೂರಾ ಖರ್ಚು ಆಗಿಲ್ಲ ಅಂತ ಎರಡನೇ ಕಂತು ತಡೀತಾರ್ರಿ. ನಾ ಏನ್ ಮಾಡ್ಲಿ ಹೇಳ್ರಿ ಅಕ್ಕೋರ?”

ಅವನು ಬೈಕು ಹತ್ತಿ ಹೋದ.

ಕೆರೆಯ ಸುತ್ತ ಕಂಬ ನಿಲ್ಲದೇ ಹೋದದ್ದು ಒಂದೇ ಕಡೆ, ಗಟಾರ ಬಂದು ಬೀಳುವ ಉತ್ತರದ ಮೂಲೆಯಲ್ಲಿ. ಎರಡು ಸಲ ನೆಟ್ಟರು. ಎರಡು ಸಲವೂ ಕಂಬ ಹೂಳಿನಲ್ಲಿ ವಾಲಿ ಮಲಗಿತು. ಗುತ್ತಿಗೆದಾರ ಅಲ್ಲಿ ಒಂದು ಬಂಡಿ ಹೋಗುವಷ್ಟು ಜಾಗ ಹಾಗೆಯೇ ಬಿಟ್ಟು, ಉಳಿದ ತಂತಿಯನ್ನು ಕಮಾನಿನ ಪಕ್ಕ ಎರಡು ಸುತ್ತು ಸುತ್ತಿ ಅಳತೆ ಸರಿ ಮಾಡಿದ.

ಕೆಲಸ ಮುಗಿದ ಮೇಲೆ ಒಂದು ಕಾಗದ ಬಂತು. ಕಾಮಗಾರಿ ತೃಪ್ತಿಕರವಾಗಿ ಪೂರ್ಣಗೊಂಡಿದೆ ಎಂದು ಅದರಲ್ಲಿತ್ತು, ಕೆಳಗೆ ಸಮಿತಿಯ ಸದಸ್ಯರ ಸಹಿಗೆ ಜಾಗ. ಉಳಿದವರದೆಲ್ಲ ಆಗಿತ್ತು. ಕಚೇರಿಯಲ್ಲಿ ನಾನು ಪೆನ್ನು ಹಿಡಿದು ಕೂತೆ.

“ಇದರಾಗ ಎಮ್ಮಿ ದಾರಿ ಆಗಿಲ್ಲಲ್ರಿ,” ಎಂದೆ.

ಮುಖ್ಯಾಧಿಕಾರಿ ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡರು. “ನೀವು ಹೇಳೋದು ಖರೇನ ಅದ ಮೇಡಂ. ಆದ್ರ ನೀವು ಸಹಿ ಮಾಡ್ಲಿಲ್ಲಾಂದ್ರ ಮುಂದಿನ ಕಂತು ಬರಾಂಗಿಲ್ಲ. ಹೂಳು, ನಿಮ್ಮ ಎಮ್ಮಿ ದಾರಿ, ಎಲ್ಲಾ ಮುಂದಿನ ಕಂತಿನ್ಯಾಗ ಅದ. ನೀವ ಅದನ್ನ ತಡದಂಗ ಆಗ್ತದ.”

ಸಹಿ ಮಾಡಿದೆ. ಅಂದು ಅದು ಬುದ್ಧಿವಂತಿಕೆಯಂತೆ ಕಂಡಿತ್ತು. ಎರಡನೆಯ ಕಂತು ಇಂದಿನವರೆಗೂ ಬಂದಿಲ್ಲ.

ಉದ್ಯಾನದ ಉದ್ಘಾಟನೆಯ ಮರುದಿನ ಬೆಳಗ್ಗೆ ಕಮಾನಿನ ಹತ್ತಿರ ಹಾಲಿನವಳು ಸಿಕ್ಕಳು. ತಲೆಯ ಮೇಲೆ ಮೇವಿನ ಹೊರೆಯಿತ್ತು. ಅವಳಿಗೆ ಓದಲು ಬರುವುದಿಲ್ಲ. ಕಮಾನಿನ ಗೇಟಿಗೆ ಬಡಿದಿದ್ದ ಹೊಸ ಫಲಕದ ಕಡೆ ಗದ್ದ ಎತ್ತಿ, “ಏನ್ ಬರದಾರ್ರಿ ಅಕ್ಕೋರ ಅದರಾಗ?” ಎಂದು ಕೇಳಿದಳು.

“ಹೂವು ಕೀಳಬಾರದು ಅಂತ,” ಎಂದು ಓದಿದೆ. “ಉಗುಳಬಾರದು ಅಂತ.”

“ಅಷ್ಟ ಏನ್ರಿ?”

ಮೂರನೆಯ ಸಾಲು ಉಳಿದವಕ್ಕಿಂತ ದೊಡ್ಡ ಅಕ್ಷರದಲ್ಲಿತ್ತು. “ಅಷ್ಟ,” ಎಂದೆ.

ಮೂರನೆಯ ಸಾಲಿನಲ್ಲಿ ಏನಿದೆ ಎಂದು ಅವಳಿಗೆ ತಿಳಿದದ್ದು ಅದೇ ಮಧ್ಯಾಹ್ನ, ಮೂರು ಎಮ್ಮೆಗಳನ್ನು ಹೊಡೆದುಕೊಂಡು ಬಂದಾಗ. ಗೇಟಿಗೆ ಹೊಸದಾಗಿ ಇಟ್ಟಿದ್ದ ಕಾವಲುಗಾರ ಕೋಲು ಅಡ್ಡ ಹಿಡಿದ. “ದನಾ ಎಮ್ಮಿ ಒಳಗ ಬಿಡಂಗಿಲ್ಲ, ಬೋರ್ಡ್ ಹಾಕ್ಯಾರ ನೋಡು,” ಎಂದನಂತೆ. ಅವಳು, “ಅಕ್ಕೋರು ಓದಿ ಹೇಳ್ಯಾರ, ಹಂಗೇನೂ ಇಲ್ಲ,” ಎಂದು ಅವನೊಡನೆ ವಾದ ಮಾಡಿದಳಂತೆ. ಕಾವಲುಗಾರನೇ ಮರುದಿನ ನನಗೆ ನಗುತ್ತ ಹೇಳಿದ. ಹಾಲಿನವಳು ನನ್ನೆದುರು ಆ ಮಾತು ಎತ್ತಲೇ ಇಲ್ಲ. ಸಂಜೆ ಎಂದಿನಂತೆ ಹಾಲು ತಂದಳು, ಅಳೆದಳು, ಹೋದಳು. ಅವಳು ಸಿಟ್ಟು ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು.

ಏಪ್ರಿಲ್ ಬಂತು. ನಮ್ಮ ಕಡೆಯ ಬಿಸಿಲನ್ನು ಹೇಳಬೇಕಾಗಿಲ್ಲ. ನಳದ ನೀರು ಎಂಟು ದಿನಕ್ಕೊಮ್ಮೆ. ಅವಳು ಓಣಿಯ ಕೈಪಂಪಿನ ಬೋರಿನಿಂದ ಕೊಡ ಹೊತ್ತು ತಂದು ಎಮ್ಮೆಗಳ ಮೈಮೇಲೆ ಸುರಿಯುತ್ತಿದ್ದಳು. ಗೋಣಿಚೀಲ ನೆನೆಸಿ ಬೆನ್ನಿಗೆ ಹೊದಿಸುತ್ತಿದ್ದಳು. ಅರ್ಧ ಗಂಟೆಗೆ ಚೀಲ ಹಪ್ಪಳದಂತೆ ಒಣಗಿಬಿಡುತ್ತಿತ್ತು. ಅವಳು ಹೇಳಿದ್ದಂತೆಯೇ ಹಾಲು ಇಳಿಯಿತು. ನಮ್ಮ ಮನೆಗೆ ಒಂದು ಲೀಟರ್ ಹಾಕುತ್ತಿದ್ದವಳು ಅರ್ಧಕ್ಕೆ ಬಂದಳು.

ನಾನು ಮುಖ್ಯಾಧಿಕಾರಿಗಳ ಬಳಿ ಹೋದೆ. ಮಧ್ಯಾಹ್ನ ಎರಡು ತಾಸು ಗೇಟು ತೆರೆದುಕೊಡಿ, ಆ ಬಿಸಿಲಿನಲ್ಲಿ ಯಾರೂ ವಾಕಿಂಗ್ ಬರುವುದಿಲ್ಲ ಎಂದೆ.

“ಪೇವರ್ ಮ್ಯಾಲೆ ಸಗಣಿ ಹಾಕಿದ್ರ ಯಾರ್ ಬಳೀತಾರ ಮೇಡಂ?” ಎಂದರು ಅವರು. “ಕಟ್ಟಾಕ ದುಡ್ಡು ಕೊಟ್ಟಾರ, ನೋಡ್ಕೊಳ್ಳಾಕ ಒಂದು ರೂಪಾಯಿ ಕೊಟ್ಟಿಲ್ಲ. ಕಾವಲುಗಾರನ ಪಗಾರ ಸೈತ ಬ್ಯಾರೆ ಕಡೆಯಿಂದ ಜೋಡಸೀನಿ.”

ಬಳಿಯುವ ಕೆಲಸ ಹಾಲಿನವಳೇ ಮಾಡುತ್ತಾಳೆ ಎಂದೆ. ಒಬ್ಬರಿಗೆ ಬಿಟ್ಟರೆ ಇಪ್ಪತ್ತು ಜನ ಬರುತ್ತಾರೆ ಎಂದರು. ಇಪ್ಪತ್ತು ಜನ ಮೊದಲೂ ಬರುತ್ತಿದ್ದರಲ್ಲ ಎಂದೆ. ಅವರು ಚಹಾ ತರಿಸಿದರು.

ಕೊಪ್ಪಳಕ್ಕೂ ಹೋದೆ. ಮನವಿಯನ್ನು ಕೈಯಿಂದ ಬರೆದು, ನಡಾವಳಿಯ ಆ ಪುಟದ ಜೆರಾಕ್ಸ್ ಹಚ್ಚಿ, ಕುಷ್ಟಗಿಯಲ್ಲಿ ಬಸ್ಸು ಬದಲಿಸಿ ಜಿಲ್ಲಾ ಕಚೇರಿ ಮುಟ್ಟಿದಾಗ ಊಟದ ಹೊತ್ತಾಗಿತ್ತು. ಮೂರು ಗಂಟೆಗೆ ಒಬ್ಬ ಅಧಿಕಾರಿ ನನ್ನನ್ನು ಕೂರಿಸಿಕೊಂಡು ಪೂರ್ತಿ ಓದಿದರು. ವಯಸ್ಸಾದವರು, ಸಹನೆಯುಳ್ಳವರು. “ನಿಮ್ಮ ಸಮಿತಿ ಕೆಲಸ ತೃಪ್ತಿಕರ ಅಂತ ಬರದು ಕೊಟ್ಟೈತಲ್ರಿ ತಾಯಿ,” ಎಂದರು. ಫೈಲಿನಿಂದ ಆ ಕಾಗದ ತೆಗೆದು ನನ್ನ ಮುಂದಿಟ್ಟರು. “ಇದು ನಿಮ್ಮದ ಸಹಿ ಹೌದಲ್ರಿ?”

ಹೌದು ಎಂದೆ. ಅವರು ಅರ್ಜಿಯ ಮೇಲೆ ಸ್ವೀಕೃತಿಯ ಮುದ್ರೆ ಒತ್ತಿಸಿ, ಒಂದು ಪ್ರತಿ ನನಗೆ ಕೊಟ್ಟು, ಬಾಗಿಲವರೆಗೆ ಬಂದು ಕಳಿಸಿದರು. ಬಸ್ಸಿನಲ್ಲಿ ಬರುವಾಗ ಕಿಟಕಿಯ ಹೊರಗೆ ನೋಡುತ್ತ ಕೂತೆ. ದಾರಿಯುದ್ದಕ್ಕೂ ಹೊಲಗಳು ಸುಟ್ಟ ರೊಟ್ಟಿಯ ಬಣ್ಣಕ್ಕೆ ತಿರುಗಿದ್ದವು. ಮೊದಲ ಬಾರಿಗೆ ನನಗೆ, ಇನ್ನು ಮಾಡುವುದೇನೂ ಉಳಿದಿಲ್ಲ ಎನ್ನಿಸಿತು.

ಮೇ ತಿಂಗಳ ಒಂದು ಮಧ್ಯಾಹ್ನ, ನಾನು ಊಟ ಮಾಡಿ ತಾಟು ತೊಳೆಯುತ್ತಿದ್ದೆ. ಎದುರು ಮನೆಯಾಕೆ ಬಾಗಿಲಲ್ಲಿ ನಿಂತು ಕೂಗಿದಳು. “ಅಕ್ಕೋರ, ಜಲ್ದಿ ಬರ್ರಿ! ಹಾಲಿನಾಕಿ ಎಮ್ಮಿ ಗಟಾರದ ಹೂಳಾಗ ಸಿಕ್ಕೊಂಡೈತಂತ!”

ಓಡುವ ವಯಸ್ಸಲ್ಲ ನನ್ನದು, ಆದರೂ ಓಡಿದೆ. ಉತ್ತರದ ಮೂಲೆಯಲ್ಲಿ, ಬೇಲಿ ಇಲ್ಲದ ಆ ಜಾಗದ ಮುಂದೆ ಜನ ಸೇರಿದ್ದರು. ಬಿಸಿಲಿಗೆ ಹುಚ್ಚೆದ್ದ ದೊಡ್ಡಾಕಿ ಹಗ್ಗ ಕಿತ್ತುಕೊಂಡು ಬಂದಿತ್ತು. ಬೇಲಿಯ ಗುಂಟ ಸುತ್ತಿ ಸುತ್ತಿ, ಕಡೆಗೆ ಸಿಕ್ಕ ಆ ಒಂದೇ ಕಂಡಿಯಲ್ಲಿ ನುಗ್ಗಿ, ಹಸಿರು ಪಾಚಿಯನ್ನು ನೆಲವೆಂದು ತಿಳಿದು ಕಾಲಿಟ್ಟಿತ್ತು. ಈಗ ಬೆನ್ನಿನ ಒಂದು ಗೇಣು, ಕೋಡು, ಮೂಗು ಇಷ್ಟೇ ಕಾಣುತ್ತಿದ್ದವು. ಹಾಲಿನವಳು ಎದೆಮಟ್ಟ ಹೂಳಿನಲ್ಲಿ ನಿಂತು ಅದರ ಗದ್ದವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು. ಅವಳ ಸೊಂಟಕ್ಕೆ ಹಗ್ಗ ಕಟ್ಟಿ ನಾಲ್ಕು ಗಂಡಸರು ದಂಡೆಯ ಮೇಲೆ ಹಿಡಿದುಕೊಂಡಿದ್ದರು.

“ಮ್ಯಾಲೆ ಬಾರ ಯವ್ವಾ, ನೀನೂ ಹೊಕ್ಕೀದಿ!” ಎಂದು ಯಾರೋ ಕೂಗುತ್ತಿದ್ದರು. ಅವಳು ಕೇಳಿಸಿಕೊಳ್ಳಲಿಲ್ಲ. ಎಮ್ಮೆಯ ಕಿವಿಯ ಹತ್ತಿರ ಏನೋ ಹೇಳುತ್ತಿದ್ದಳು. ನನಗೆ ಕೇಳಿಸಿದ್ದು “ಸುಮ್ಕಿರು, ಸುಮ್ಕಿರು” ಎಂಬುದಷ್ಟೇ.

ಇಂಜಿನಿಯರ್ ಬಡಾವಣೆಯ ಕೆಲಸದಿಂದ ಜೆಸಿಬಿ ಕರೆದುಕೊಂಡು ಬಂದ. ಬಂದದ್ದು ಬೇಗನೆ, ಅದನ್ನು ಹೇಳಲೇಬೇಕು. ಆದರೆ ಕಂಡಿಯ ಮುಂದಿನ ಮೆತ್ತನೆ ನೆಲ ಬಿಟ್ಟು ಪಕ್ಕದಿಂದ ಮಷಿನ್ ಹತ್ತಿರ ಬರಲು ಬೇಲಿ ಅಡ್ಡವಾಯಿತು. ಕಂಬ ಕಿತ್ತು, ತಂತಿ ಕತ್ತರಿಸುವಷ್ಟರಲ್ಲಿ ಹೊತ್ತು ಹೋಯಿತು. ಹೊಟ್ಟೆಗೆ ಕಟ್ಟಿ ಎತ್ತುವ ಅಗಲದ ಪಟ್ಟಿ ಯಾರ ಬಳಿಯೂ ಇರಲಿಲ್ಲ. ಹಗ್ಗವನ್ನೇ ಎರಡು ಎಳೆ ಮಾಡಿ ಹೊಟ್ಟೆಯ ಕೆಳಗೆ ತೂರಿಸಲು ಇಬ್ಬರು ಹೂಳಿಗೆ ಇಳಿದರು. “ಕೊಳ್ಳಾಗ ಹಾಕಬ್ಯಾಡ್ರಪ್ಪೋ,” ಎಂದು ಅವಳು ಮೊದಲ ಬಾರಿಗೆ ಕೂಗಿದಳು. “ನಿಮ್ಮ ಕಾಲಿಗೆ ಬೀಳ್ತೀನಿ, ಕೊಳ್ಳಾಗ ಹಾಕಬ್ಯಾಡ್ರಿ!”

ಕೊರಳಿಗೆ ಹಾಕಲಿಲ್ಲ. ಆದರೂ ಮಷಿನ್ ಎತ್ತಿದಾಗ ಹೂಳು ಹಿಂಗಾಲುಗಳನ್ನು ಬಿಡಲಿಲ್ಲ. ಎಮ್ಮೆಯ ಸೊಂಟದಲ್ಲಿ ಏನೋ ಮುರಿದ ಸದ್ದು ಕೇಳಿತು. ದಂಡೆಯ ಮೇಲೆ ಮಲಗಿಸಿದಾಗ ದೊಡ್ಡಾಕಿ ಕತ್ತು ಎತ್ತಿ ನೀರಿನ ಕಡೆ ನೋಡಿತು, ಆಮೇಲೆ ಕತ್ತನ್ನು ಕೆಳಗಿಟ್ಟಿತು. ದನದ ಡಾಕ್ಟರು ಪಕ್ಕದ ಹಳ್ಳಿಯಿಂದ ಬರುವ ಹೊತ್ತಿಗೆ ನೊಣ ಮುತ್ತಿದ್ದವು. ಅವರು ಬಗ್ಗಿ ಕಣ್ಣಿನ ರೆಪ್ಪೆ ಬಿಡಿಸಿ ನೋಡಿ, “ಮುಗದೈತ್ರಿ,” ಎಂದರು.

ಅವಳನ್ನು ನಮ್ಮ ಮನೆಗೆ ಕರೆತಂದು ಬಚ್ಚಲಲ್ಲಿ ಕೂರಿಸಿ ನಾನೇ ನೀರು ಹಾಕಿದೆ. ಎಷ್ಟು ಚೊಂಬು ಸುರಿದರೂ ಕಪ್ಪು ನೀರು ಇಳಿಯುತ್ತಲೇ ಇತ್ತು. ಅವಳು ಅಳಲಿಲ್ಲ. ಬೆನ್ನು ಉಜ್ಜುತ್ತಿದ್ದಾಗ, “ಅಕ್ಕೋರ, ಸಂಜಿಗೆ ಹಾಲು ಕಮ್ಮಿ ಬೀಳ್ತೈತ್ರಿ. ನಾಕು ಮನಿಗೆ ಇಲ್ಲ ಅನ್ಬೇಕು. ಯಾರಿಗೆ ಇಲ್ಲ ಅನ್ಲಿ?” ಎಂದಳು.

“ನನಗ ಬ್ಯಾಡ ತಂಗಿ,” ಎಂದೆ.

“ಹಂಗಾದ್ರ ಮೂರು ಮನಿ,” ಎಂದಳು.

ಆ ವಾರವೇ ಸಮಿತಿಯ ತುರ್ತು ಸಭೆ ಕರೆದರು. ನಾನು ಎರಡು ದಿನ ಕೂತು ಏನು ಹೇಳಬೇಕೆಂದು ಬರೆದುಕೊಂಡು ಹೋಗಿದ್ದೆ. ಪರಿಹಾರದ ಮಾತು ಮೊದಲು ಎತ್ತಿದೆ. ಜಾನುವಾರುಗಳಿಗೆ ನಿಷೇಧವಿರುವ ಜಾಗಕ್ಕೆ ನುಗ್ಗಿದ್ದರಿಂದ ಪರಿಹಾರ ಕೊಡಲು ಬರುವುದಿಲ್ಲ ಎಂದರು. ಮುಖ್ಯಾಧಿಕಾರಿ ಪುಸ್ತಕ ತೆರೆದು ನಿಯಮವನ್ನೇ ತೋರಿಸಿದರು. ದಕ್ಷಿಣದ ದಾರಿಯ ಮಾತು ಎತ್ತಿದೆ. ಎರಡನೆಯ ಕಂತು ಎಂದರು. ಆಮೇಲೆ ಅವರು ಸಭೆ ಕರೆದ ಕಾರಣ ಹೇಳಿದರು. ಉತ್ತರದ ಆ ಕಂಡಿಯನ್ನು ಕೂಡಲೇ ಮುಚ್ಚಬೇಕು, ಕಾಂಕ್ರೀಟು ಹಾಕಿ ಗಟ್ಟಿ ಕಂಬ ನೆಡಬೇಕು, ಅದಕ್ಕೆ ಪಂಚಾಯ್ತಿಯ ತುರ್ತು ನಿಧಿಯಿಂದ ದುಡ್ಡು ತೆಗೆಯಲು ಸಮಿತಿ ಒಪ್ಪಬೇಕು.

“ಬೇಲಿಗೆ ತುರ್ತು ನಿಧಿ ಐತಿ, ಗಟಾರಕ್ಕ ಇಲ್ಲೇನ್ರಿ?” ಎಂದು ನನ್ನ ದನಿ ಏರಿತು.

ಇಂಜಿನಿಯರ್ ಮೆಲ್ಲಗೆ ಹೇಳಿದ. “ಗಟಾರಕ್ಕ ಇದರ ಐವತ್ತು ಪಟ್ಟು ಬೇಕ್ರಿ ಅಕ್ಕೋರ. ಇದ್ದದ್ದರಾಗ ಆಗೂದು ಇದೊಂದ. ಇವತ್ತು ಎಮ್ಮಿ ಬಿದ್ದೈತಿ, ನಾಳೆ ಒಂದು ಕೂಸು ಬಿದ್ರ?”

ಅವನು ಹೇಳಿದ್ದು ಸರಿ. ಆ ಜಾಗ ತೆರೆದಿರಬಾರದಾಗಿತ್ತು. ಕೂಸು ಬಿದ್ದರೆ ಎಂದ ಮೇಲೆ ಯಾವ ಅಕ್ಕೋರು ಬೇಡ ಎನ್ನಲು ಸಾಧ್ಯ? ನಡಾವಳಿ ಪುಸ್ತಕ ತೆಗೆದುಕೊಂಡು ಅದನ್ನೂ ದುಂಡಗೆ ಬರೆದೆ. ಎಲ್ಲರಿಗಿಂತ ಮೊದಲು ನಾನೇ ಸಹಿ ಮಾಡಿದೆ. ಕೆರೆಗೆ ಇಳಿಯಲು ಉಳಿದಿದ್ದ ಕೊನೆಯ ಕಂಡಿ ಹತ್ತು ದಿನದಲ್ಲಿ ಮುಚ್ಚಿತು. ಕಂಬದ ಕೆಳಗೆ ಗಟಾರದ ನೀರು ಹೋಗಲು ಮಾತ್ರ ಒಂದು ಕೊಳವೆ ಬಿಟ್ಟರು.

ಆಮೇಲೆ ನಡೆದದ್ದನ್ನು ಹೇಳಿಬಿಡುತ್ತೇನೆ. ಹಾಲಿನವಳು ಉಳಿದ ಎರಡು ಎಮ್ಮೆಗಳನ್ನು ಜೂನ್ ಮೊದಲ ವಾರದ ದನದ ಸಂತೆಯಲ್ಲಿ ಮಾರಿದಳು. ಕೊಂಡವನು ಕಾಲುವೆ ಇರುವ ಊರಿನವನು ಎಂದು ಕೇಳಿ ಸಮಾಧಾನಪಟ್ಟಳಂತೆ. ನಾನು ಪಂಚಾಯ್ತಿಯಲ್ಲಿ ಅವರಿವರನ್ನು ಕೇಳಿ, ಉದ್ಯಾನದಲ್ಲಿ ಕಸ ಗುಡಿಸುವ ದಿನಗೂಲಿ ಕೆಲಸ ಅವಳಿಗೆ ಸಿಗುವಂತೆ ಮಾಡಿ, ಅವಳ ಮನೆಗೆ ಹೋಗಿ ಹೇಳಿದೆ. ಖಾಲಿ ಕೊಟ್ಟಿಗೆಯಲ್ಲಿ ಅವಳ ಗಂಡ ಹೊರಸು ಹಾಕಿಕೊಂಡು ಮಲಗಿದ್ದ. ಅವಳು ನನಗೆ ಚಾಪೆ ಹಾಸಿ, ನೀರು ಕೊಟ್ಟು, ಎದುರು ಕೂತಳು.

“ದೊಡ್ಡಾಕಿ ಸತ್ತ ಜಾಗಾ ದಿನಾ ಗುಡಸ್ಲೇನ್ರಿ ಅಕ್ಕೋರ?” ಎಂದಳು. ಸಿಟ್ಟಿಲ್ಲದೆ, ನಿಜವಾಗಿ ಕೇಳುವಂತೆ ಕೇಳಿದಳು. ನಾನು ನೀರು ಕುಡಿದು ಎದ್ದು ಬಂದೆ.

ಸಮಿತಿಗೆ ರಾಜೀನಾಮೆ ಬರೆದು ಕೊಟ್ಟೆ. ಉತ್ತರ ಬರಲಿಲ್ಲ. ಅಂಗೀಕಾರವಾಗಲು ಸಭೆಯಲ್ಲಿ ಮಂಡನೆಯಾಗಬೇಕಂತೆ, ಸಭೆಗೆ ಸಾಕಷ್ಟು ಸದಸ್ಯರು ಸೇರುತ್ತಿಲ್ಲವಂತೆ. ಹಾಗಾಗಿ ನಾನು ಈಗಲೂ ಸದಸ್ಯೆ. ನೋಟೀಸು ಬರುತ್ತಿರುತ್ತದೆ, ಜವಾನ ಬಂದಾಗಲೆಲ್ಲ ವಹಿಯಲ್ಲಿ ಸಹಿ ಹಾಕಿ ಕಳಿಸುತ್ತೇನೆ.

ಮುಂದಿನ ಬೇಸಿಗೆಯ ಹೊತ್ತಿಗೆ ಕಾವಲುಗಾರನ ಪಗಾರ ನಿಂತು ಅವನು ಬಿಟ್ಟುಹೋದ. ಕಾಯುವವರಿಲ್ಲವೆಂದು ಗೇಟಿಗೆ ಸರಪಳಿ ಸುತ್ತಿ ಬೀಗ ಹಾಕಿದರು. ಒಂದೆರಡು ತಿಂಗಳು ವಾಕಿಂಗಿನವರು ಕೀಲಿ ಕೇಳಿಕೊಂಡು ನಮ್ಮ ಮನೆಗೆ ಬರುತ್ತಿದ್ದರು, ಸಮಿತಿಯವಳೆಂದು. ಕೀಲಿ ಯಾರ ಬಳಿ ಇದೆಯೆಂದು ನನಗೂ ತಿಳಿದಿರಲಿಲ್ಲ. ಗಾಳಿ ಬೀಸಿದ ಕಡೆಗೆಲ್ಲ ನಾತ ಬರತೊಡಗಿದ ಮೇಲೆ ಅವರೂ ಕೇಳುವುದನ್ನು ಬಿಟ್ಟರು. ಒಂದು ಬೆಳಗ್ಗೆ ಬೇಲಿಯ ಹೊರಗೆ ನಿಂತು ನೋಡಿದೆ. ಮೀನುಗಳು ಬೆಳ್ಳಗೆ ಹೊಟ್ಟೆ ಮೇಲೆ ಮಾಡಿ ದಂಡೆಯುದ್ದಕ್ಕೂ ತೇಲುತ್ತಿದ್ದವು. ತೆಗೆದು ಹಾಕಬೇಕೆಂದರೂ ಒಳಗೆ ಹೋಗುವ ದಾರಿ ಇರಲಿಲ್ಲ.

ಕಳೆದ ಶ್ರಾವಣದಲ್ಲಿ ಬಸ್ ನಿಲ್ದಾಣದಲ್ಲಿ ಅವಳು ಸಿಕ್ಕಳು. ನಾಲ್ಕೈದು ಹೆಂಗಸರ ಜೊತೆ ಗಂಟು ಕಟ್ಟಿಕೊಂಡು ಗಂಗಾವತಿಯ ಬಸ್ಸಿಗೆ ಕಾಯುತ್ತಿದ್ದಳು. ಭತ್ತದ ನಾಟಿಗೆ ಎರಡನೆಯ ಸಲ ಹೊರಟಿದ್ದರು. ಹೋದಾಗಲೆಲ್ಲ ಇಪ್ಪತ್ತು ದಿನ ಅಲ್ಲೇ ಇದ್ದು ಬರುತ್ತಾರಂತೆ. ಸೊರಗಿದ್ದಳು. ಕಾಲಿನ ಬೆರಳ ಸಂದಿಗಳು ಬೆಳ್ಳಗೆ ಕೊಳೆತು ಒಡೆದಿದ್ದವು.

“ಔಷಧ ಹಚ್ಚಿಲ್ಲೇನ?” ಎಂದೆ.

“ಹಚ್ಚತೀನ್ರಿ. ದಿನಾ ನೀರಾಗ ನಿಂತ್ರ ಎಲ್ಲಿ ನಿಂದರತೈತ್ರಿ?” ಎಂದು ಸೀರೆಯ ಅಂಚು ಎಳೆದು ಕಾಲು ಮುಚ್ಚಿಕೊಂಡಳು. “ಭಾಳ ನೀರದಾವ್ರಿ ಅಕ್ಕೋರ ಆ ಕಡೆ. ಎಮ್ಮಿ ಕಂಡ್ರ ನಿಂತು ನೋಡ್ತೀನಿ. ಮೇಸ್ತ್ರಿ ಬೈತಾನ.”

ಎಷ್ಟೋ ದಿನದಿಂದ ಕಟ್ಟಿಕೊಂಡಿದ್ದ ಮಾತು ನಾಲಗೆಗೆ ಬಂತು. “ತಂಗಿ, ಆ ಕೆರಿ ವಿಷಯದಾಗ ನಾ…” ಎಂದು ಶುರು ಮಾಡಿದೆ.

ಅವಳು ನನ್ನ ಕೈ ಹಿಡಿದುಕೊಂಡಳು. ಬಿರುಕುಬಿಟ್ಟು ಒರಟಾಗಿತ್ತು ಆ ಕೈ. “ಬಿಡ್ರಿ ಅಕ್ಕೋರ. ನೀವು ಕೊಪ್ಪಳದ ತನಕಾ ಹೋಗಿ ಬಂದೀರಂತ, ಯಾರೋ ಹೇಳಿದ್ರು. ನಿಮ್ಮ ಕೈಯಾಗ ಏನಿತ್ರಿ?”

ಬಸ್ಸು ಬಂತು. ಹೆಂಗಸರು ಗಂಟುಗಳನ್ನು ಕಿಟಕಿಯಿಂದ ಒಳಗೆ ತೂರಿಸಿ ಜಾಗ ಹಿಡಿದರು. ಅವಳಿಗೆ ಕಡೆಯ ಸೀಟು ಸಿಕ್ಕಿತು. ಹತ್ತುವಾಗ ತಿರುಗಿ, “ಬರ್ತೀನ್ರಿ, ಆರಾಮ ಇರ್ರಿ,” ಎಂದಳು. ಕೆಲಸ ತೃಪ್ತಿಕರವೆಂಬ ಕಾಗದಕ್ಕೂ, ಕಂಡಿ ಮುಚ್ಚುವ ನಡಾವಳಿಗೂ ನಾನು ಸಹಿ ಮಾಡಿದ್ದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ನಾನೊಬ್ಬಳೇ. ಹೇಳಲಿಲ್ಲ. ಬಸ್ಸು ಹೊರಟಿತು. ನಾನು ಚೀಲದಲ್ಲಿದ್ದ ಹಾಲಿನ ಪ್ಯಾಕೀಟು ಬಿಸಿಲಿಗೆ ಕೆಡುತ್ತದೆಂದು ಮನೆಯ ದಾರಿ ಹಿಡಿದೆ.